ಈಸ್ಟರ್ ಮೊಟ್ಟೆ ಯಾವ ದೇವತೆಯದು? ಹಬ್ಬದ ತಿನಿಸುಗಳ ಮೂಲ ಹುಡುಕುವ ಬಗೆ

ಪ್ರಶ್ನೆ: ಈ ಸಲದ ಈಸ್ಟರ್‌ಗೆ ನಾವು ಕೆಲವು ಗೆಳತಿಯರು ಸೇರಿ ಬೇರೆ ಬೇರೆ ದೇಶಗಳ ಹಬ್ಬದ ತಿನಿಸುಗಳನ್ನು ಮಾಡಿ, ಪ್ರತಿಯೊಂದು ತಟ್ಟೆಯ ಪಕ್ಕದಲ್ಲೂ ಅದರ ಮೂಲ ಮತ್ತು ಅರ್ಥ ತಿಳಿಸುವ ಚೀಟಿ ಇಡಬೇಕೆಂದುಕೊಂಡಿದ್ದೇವೆ. ಚೀಟಿ ಬರೆಯಲು ಕುಳಿತಾಗಲೇ ತೊಡಕು ಶುರುವಾಯಿತು. ಮೊಟ್ಟೆ, ಮೊಲ ಎರಡೂ ಬಾಬಿಲೋನಿನ ಇಷ್ತಾರ್ ದೇವತೆಯ ಗುರುತುಗಳು, ಈಸ್ಟರ್ ಎಂಬ ಹೆಸರೇ ಅವಳಿಂದ ಬಂದದ್ದು ಎಂದು ಒಬ್ಬರು ಹೇಳಿದರೆ, ಅಲ್ಲ, ಅವು ಜರ್ಮನ್ನರ ವಸಂತದೇವತೆಯವು ಎಂದು ಇನ್ನೊಬ್ಬರು ಹೇಳುತ್ತಾರೆ. ಇದನ್ನು ಕೇಳಿಸಿಕೊಂಡ ನಮ್ಮ ಅತ್ತೆಯವರು ‘ಹಾಗಿದ್ದರೆ ನಮ್ಮ ಮನೆಯಲ್ಲಿ ಮೊಟ್ಟೆಗೆ ಬಣ್ಣ ಹಾಕುವುದೇ ಬೇಡ’ ಎಂದುಬಿಟ್ಟಿದ್ದಾರೆ. ಶಿಲುಬೆ ಗುರುತಿನ ಹಾಟ್ ಕ್ರಾಸ್ ಬನ್ನನ್ನು 1361ರಲ್ಲಿ ಒಬ್ಬ ಸನ್ಯಾಸಿ ಮೊದಲು ಮಾಡಿದನೆಂಬುದು ನಿಜವೇ? ಸಿಮ್ನೆಲ್ ಕೇಕಿನ ಮೇಲಿನ ಹನ್ನೊಂದು ಉಂಡೆಗಳು ಯೇಸುವಿನ ಶಿಷ್ಯರ ಗುರುತೇ? ಹಂದಿಮಾಂಸದ ಹ್ಯಾಮ್ ತಿನ್ನುವ ಪದ್ಧತಿ ಯೆಹೂದ್ಯರನ್ನು ಕೆಣಕಲು ಹುಟ್ಟಿತಂತೆ, ಹೌದೇ? ಕೊನೆಯದಾಗಿ, ರಷ್ಯನ್ನರ ಪಾಸ್ಖಾ ಎಂಬ ಸಿಹಿಗೆ ಹಸಿ ಮೊಟ್ಟೆಯ ಹಳದಿ ಹಾಕಬೇಕಂತೆ. ವಯಸ್ಸಾದವರೂ ಮಕ್ಕಳೂ ಬರುವ ಕಡೆ ಅದನ್ನು ಬಡಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿದ್ದರೂ ಅವುಗಳ ಬುಡದಲ್ಲಿರುವ ಆತಂಕ ಒಂದೇ ಎಂದು ನನಗೆ ತೋರುತ್ತದೆ. ನಾವು ಭಕ್ತಿಯಿಂದ ಮಾಡುವ ತಿನಿಸಿನ ಹಿಂದೆ ನಮಗೆ ಗೊತ್ತಿಲ್ಲದ ಇನ್ನೇನೋ ಅಡಗಿದೆಯೇ, ಅದನ್ನು ತಿಳಿಯದೆ ಏನೇನೋ ಬರೆದು ನಾಲ್ಕು ಜನರೆದುರು ನಗೆಪಾಟಲಾಗುತ್ತೇವೆಯೇ ಎಂಬುದು ಆ ಆತಂಕ. ಆಹಾರದ ಇತಿಹಾಸ ಕಲಿಸುವುದು ನನ್ನ ವೃತ್ತಿಯಾದ್ದರಿಂದ ಪ್ರತಿವರ್ಷ ಹಬ್ಬ ಹತ್ತಿರವಾಗುತ್ತಿದ್ದಂತೆ ಇಂಥ ಪತ್ರಗಳು ನನಗೆ ಬರುತ್ತವೆ, ಮತ್ತು ನನ್ನ ಉತ್ತರ ಪ್ರತಿ ಸಲವೂ ಒಂದೇ ಕಡೆ ಹೋಗಿ ನಿಲ್ಲುತ್ತದೆ. ಈಸ್ಟರ್ ತಿನಿಸುಗಳ ಹಿಂದೆ ಹುಡುಕಬೇಕಾದದ್ದು ದೇವತೆಯನ್ನಲ್ಲ, ಉಪವಾಸವನ್ನು. ಯೇಸು ಸತ್ತು ಮತ್ತೆ ಎದ್ದುದನ್ನು ನೆನೆಯುವ ಆ ಹಬ್ಬದ ಮುಂಚಿನ ನಲವತ್ತು ಚಿಲ್ಲರೆ ದಿನಗಳಲ್ಲಿ ಏನನ್ನು ತಿನ್ನಬಾರದೆಂದಿತ್ತು, ಆ ಹೊತ್ತಿಗೆ ಕೊಟ್ಟಿಗೆ ಕಣಜಗಳಲ್ಲಿ ಏನು ಉಳಿದಿತ್ತು ಎಂಬ ಎರಡು ಲೆಕ್ಕ ಗೊತ್ತಾದರೆ ಮೇಜಿನ ಮೇಲಿನ ಮುಕ್ಕಾಲು ಪಾಲು ತಿನಿಸುಗಳ ಹುಟ್ಟು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಅರ್ಥಗಳು ಬಹುಮಟ್ಟಿಗೆ ಆಮೇಲೆ ಬಂದು ಸೇರಿದವು. ಆಮೇಲೆ ಬಂದವೆಂಬ ಮಾತ್ರಕ್ಕೆ ಅವು ಸುಳ್ಳಲ್ಲ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಚೀಟಿ ಬರೆಯುವಾಗ ಇದು ಬೇಕಾಗುತ್ತದೆ.

ಮೊದಲು ಹೆಸರಿನ ಗೊಂದಲವನ್ನು ಮುಗಿಸೋಣ. ಇಷ್ತಾರ್ ಮತ್ತು ಈಸ್ಟರ್ ಎಂಬ ಎರಡು ಮಾತುಗಳು ಕಿವಿಗೆ ಒಂದೇ ಬಗೆಯಾಗಿ ಕೇಳಿಸುವುದು ಇಂಗ್ಲಿಷಿನಲ್ಲಿ ಮಾತ್ರ. ಹಬ್ಬ ಹುಟ್ಟಿ ಬೆಳೆದ ನಾಡುಗಳಲ್ಲಿ ಅದರ ಹೆಸರು ಪಾಸ್ಖ. ಯೆಹೂದ್ಯರ ಪೆಸಹ್ ಅಥವಾ ಪಸ್ಕಹಬ್ಬದಿಂದ ಗ್ರೀಕ್ ಮತ್ತು ಲ್ಯಾಟಿನ್‌ಗೆ ಬಂದ ಮಾತು ಅದು. ಇಟಲಿಯವರ ಪಾಸ್ಕ್ವಾ, ಫ್ರೆಂಚರ ಪಾಕ್, ಸ್ಪೇನಿನ ಪಾಸ್ಕುವಾ, ರಷ್ಯನ್ನರ ಪಾಸ್ಖಾ, ಸ್ವೀಡನ್ನಿನ ಪೋಸ್ಕ್ ಎಲ್ಲವೂ ಅದರ ಮಕ್ಕಳೇ. ಬಾಬಿಲೋನಿನ ದೇವತೆಯ ಹೆಸರು ಹಬ್ಬಕ್ಕೆ ಅಂಟಿಕೊಂಡಿದ್ದರೆ ಬಾಬಿಲೋನಿಗೆ ಹತ್ತಿರದ ಭಾಷೆಗಳಲ್ಲಿ ಅದರ ಸುಳಿವಾದರೂ ಇರಬೇಕಿತ್ತಲ್ಲ. ಅಲ್ಲೆಲ್ಲೂ ಇಲ್ಲದೆ ದೂರದ ಇಂಗ್ಲೆಂಡಿನಲ್ಲಿ ಮಾತ್ರ ಹೇಗೆ ಉಳಿಯಿತು? ಇಷ್ತಾರಳ ಗುರುತುಗಳೆಂದು ಶಿಲ್ಪಗಳಲ್ಲಿ ಕಾಣುವುದು ಸಿಂಹ ಮತ್ತು ಎಂಟು ಮೂಲೆಯ ನಕ್ಷತ್ರ. ಮೊಟ್ಟೆಯೂ ಅಲ್ಲ, ಮೊಲವೂ ಅಲ್ಲ. ಈ ಕಥೆ ಹರಡಿದ್ದು 19ನೆಯ ಶತಮಾನದ ನಡುವಿನಲ್ಲಿ, ಕ್ಯಾಥೊಲಿಕ್ ಆಚರಣೆಗಳೆಲ್ಲವೂ ಬಾಬಿಲೋನಿನ ಪೂಜೆಗಳೇ ಎಂದು ಸಾಧಿಸಹೊರಟ ಸ್ಕಾಟ್ಲೆಂಡಿನ ಒಬ್ಬ ಪಾದ್ರಿಯ ಬರವಣಿಗೆಯಿಂದ.

ಜರ್ಮನ್ ವಸಂತದೇವತೆಯ ಮಾತು ಇಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಇಂಗ್ಲೆಂಡಿನ ಬೀಡ್ ಎಂಬ ಸನ್ಯಾಸಿ 725ರಲ್ಲಿ ಕಾಲಗಣನೆಯ ಬಗ್ಗೆ ಬರೆಯುತ್ತಾ, ಹಿಂದೆ ಆಂಗ್ಲರು ಏಪ್ರಿಲ್‌ಗೆ ಹೊಂದುವ ತಿಂಗಳನ್ನು ಇಯೋಸ್ಟ್ರೆ ಎಂಬ ದೇವತೆಯ ಹೆಸರಿನಿಂದ ಕರೆಯುತ್ತಿದ್ದರು, ಆ ತಿಂಗಳಲ್ಲಿ ಅವಳಿಗಾಗಿ ಔತಣಗಳು ನಡೆಯುತ್ತಿದ್ದವು ಎಂದು ಹೇಳಿದ್ದಾನೆ. ಇಂಗ್ಲಿಷರ ‘ಈಸ್ಟರ್’ ಮತ್ತು ಜರ್ಮನ್ನರ ‘ಓಸ್ಟರ್ನ್’ ಎಂಬ ಹೆಸರುಗಳು ಅಲ್ಲಿಂದ ಬಂದಿರಬಹುದು. ಆದರೆ ಬೀಡ್ ಬರೆದದ್ದು ಅಷ್ಟೇ. ಆ ಔತಣದಲ್ಲಿ ಏನು ತಿನ್ನುತ್ತಿದ್ದರೆಂದು ಅವನು ಒಂದು ಮಾತೂ ಹೇಳುವುದಿಲ್ಲ. ಮುಂದೆ 1835ರಲ್ಲಿ ಯಾಕೋಬ್ ಗ್ರಿಮ್ ಜರ್ಮನ್ ಪುರಾಣಗಳನ್ನು ಒಟ್ಟುಗೂಡಿಸುವಾಗ, ಜರ್ಮನ್ನರಲ್ಲೂ ಒಸ್ತಾರಾ ಎಂಬ ದೇವತೆ ಇದ್ದಿರಬೇಕೆಂದು ಹೆಸರಿನ ಆಧಾರದ ಮೇಲೆ ಊಹಿಸಿದ. 1874ರಲ್ಲಿ ಇನ್ನೊಬ್ಬ ವಿದ್ವಾಂಸ, ಮೊಲ ಅವಳ ಪ್ರಾಣಿಯಾಗಿರಬಹುದೇನೋ ಎಂದು ಆ ಊಹೆಯ ಮೇಲೆ ಇನ್ನೊಂದು ಊಹೆ ಕಟ್ಟಿದ. ಅವರಿಬ್ಬರೂ ‘ಇರಬಹುದು’ ಎಂದೇ ಬರೆದಿದ್ದರು. ಆ ಪದವನ್ನು ಕಳಚಿಹಾಕಿದ್ದು ಅವರ ನಂತರದವರು. ಆದ್ದರಿಂದ ತಿಂಗಳ ಹೆಸರು ಹಳೆಯ ದೇವತೆಯದಾಗಿರಬಹುದು, ತಿನಿಸುಗಳು ಅವಳವು ಎನ್ನಲು ಆಧಾರವಿಲ್ಲ ಎಂದು ನಿಮ್ಮ ಅತ್ತೆಯವರಿಗೆ ಧೈರ್ಯವಾಗಿ ಹೇಳಬಹುದು.

ಹಾಗಾದರೆ ಮೊಟ್ಟೆ ಎಲ್ಲಿಂದ ಬಂತು? ಕೋಳಿಗೂಡಿನಿಂದ ಎಂಬುದೇ ನೇರವಾದ ಉತ್ತರ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಕೋಳಿ ಮೊಟ್ಟೆಯಿಡುವುದು ಹಗಲಿನ ಬೆಳಕನ್ನು ಅವಲಂಬಿಸಿದ ಕೆಲಸ. ಯೂರೋಪಿನ ಚಳಿಗಾಲದಲ್ಲಿ ಹಗಲು ಎಂಟು ಗಂಟೆಗೆ ಇಳಿದಾಗ ನಾಟಿ ಕೋಳಿ ಮೊಟ್ಟೆ ನಿಲ್ಲಿಸುತ್ತದೆ. ಫೆಬ್ರವರಿ ಮಾರ್ಚ್‌ನಲ್ಲಿ ಹಗಲು ಹಿಗ್ಗುತ್ತಿದ್ದಂತೆ ಮತ್ತೆ ಶುರುಮಾಡಿ ವಸಂತದಲ್ಲಿ ಎಡೆಬಿಡದೆ ಇಡುತ್ತದೆ. ಸರಿಯಾಗಿ ಅದೇ ವಾರಗಳಲ್ಲಿ ಕ್ರೈಸ್ತರ ಉಪವಾಸಕಾಲ ಬರುತ್ತದೆ. ಆ ಉಪವಾಸದಲ್ಲಿ ಮಾಂಸವಷ್ಟೇ ಅಲ್ಲ, ಪ್ರಾಣಿಯಿಂದ ಬರುವ ಹಾಲು, ಬೆಣ್ಣೆ, ಗಿಣ್ಣು (ಚೀಸ್), ಮೊಟ್ಟೆಗಳೂ ನಿಷಿದ್ಧವಾಗಿದ್ದವು. ಪೂರ್ವದ ಚರ್ಚು 692ರ ಸಭೆಯಲ್ಲಿ, ಉಪವಾಸದ ಶನಿವಾರ ಭಾನುವಾರಗಳಲ್ಲಿ ಮೊಟ್ಟೆ ಮತ್ತು ಗಿಣ್ಣು ತಿನ್ನುತ್ತಿದ್ದ ಅರ್ಮೇನಿಯದವರನ್ನು ಹೆಸರಿಸಿ ತಡೆದಿದೆ. ಪಶ್ಚಿಮದಲ್ಲಿ 13ನೆಯ ಶತಮಾನದ ಧರ್ಮಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಈ ನಿಷೇಧಕ್ಕೆ ಕಾರಣಗಳನ್ನು ಒಂದೊಂದಾಗಿ ವಿವರಿಸಿದ್ದಾನೆ. ಹೀಗೆ ಮನೆಯವರು ತಿನ್ನುವಂತಿಲ್ಲ, ಕೋಳಿಯಂತೂ ನಿಲ್ಲಿಸುವುದಿಲ್ಲ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಂದು ಮನೆಯಲ್ಲಿ ಆರು ಕೋಳಿಗಳಿದ್ದು, ಪ್ರತಿಯೊಂದೂ ದಿನ ಬಿಟ್ಟು ದಿನ ಮೊಟ್ಟೆಯಿಟ್ಟರೆ, ಉಪವಾಸ ಶುರುವಾಗುವ ಬೂದಿ ಬುಧವಾರದಿಂದ ಈಸ್ಟರ್ ಮುನ್ನಾದಿನದವರೆಗಿನ 46 ದಿನಗಳಲ್ಲಿ 138 ಮೊಟ್ಟೆಗಳು ಸೇರುತ್ತವೆ. ಮರಿ ಮಾಡಲು ಒಂದಷ್ಟು ಕಾವಿಗೆ ಇಟ್ಟರೂ ನೂರರ ಹತ್ತಿರ ಉಳಿಯುತ್ತದೆ. ತೊಳೆಯದ ಮೊಟ್ಟೆಯ ಚಿಪ್ಪಿನ ಮೇಲೆ ಸಹಜವಾಗಿಯೇ ಒಂದು ತೆಳು ಪೊರೆ ಇರುವುದರಿಂದ ತಂಪಾದ ನೆಲಮಾಳಿಗೆಯಲ್ಲಿ ಅದು ವಾರಗಟ್ಟಲೆ ಕೆಡದೆ ನಿಲ್ಲುತ್ತದೆ. ಉಪವಾಸ ಮುಗಿದ ಬೆಳಗ್ಗೆ ಮನೆತುಂಬ ಮೊಟ್ಟೆ! ಹಂಚುವುದು, ಕಾಣಿಕೆ ಕೊಡುವುದು, ಬಣ್ಣ ಬಳಿದು ಸಿಂಗರಿಸುವುದು, ಬ್ರೆಡ್ಡಿನೊಳಗೆ ಹುದುಗಿಸುವುದು, ಮಕ್ಕಳಿಗೆ ಉರುಳಿಸಿ ಆಡಲು ಕೊಡುವುದು ಎಲ್ಲವೂ ಈ ಹೇರಳತನದಿಂದ ಬಂದ ಸಂಭ್ರಮಗಳು. ಇಂಗ್ಲೆಂಡಿನ ಮೊದಲನೆಯ ಎಡ್ವರ್ಡ್ ದೊರೆಯ ಅರಮನೆಯ 1290ರ ಖರ್ಚುವೆಚ್ಚದಲ್ಲಿ ಈಸ್ಟರ್‌ಗಾಗಿ 450 ಮೊಟ್ಟೆಗಳಿಗೆ 18 ಪೆನ್ನಿ ಎಂಬ ಬಾಬತ್ತು ಇದೆ. ಅವುಗಳಿಗೆ ಬಣ್ಣ ಹಾಕಿಸಿ, ಚಿನ್ನದ ರೇಕು ಹೊದಿಸಿ ಪರಿವಾರಕ್ಕೆ ಹಂಚಲಾಯಿತು. ಪೆನ್ನಿಗೆ 25 ಮೊಟ್ಟೆ. ಎಷ್ಟೋ ಪುಟಗಳ ಸಂಕೇತಶಾಸ್ತ್ರಕ್ಕಿಂತ ಆ ಒಂದು ಸಾಲು ನನಗೆ ಹೆಚ್ಚು ಇಷ್ಟ.

ಇದೇ ಹೇರಳತನದ ಇನ್ನೊಂದು ಮುಖ ಉಪವಾಸಕ್ಕೆ ಮುಂಚಿನ ದಿನಗಳಲ್ಲಿ ಕಾಣುತ್ತದೆ. ಮನೆಯಲ್ಲಿದ್ದ ಬೆಣ್ಣೆ ಮೊಟ್ಟೆಗಳನ್ನು ಮುಗಿಸಲೆಂದೇ ಇಂಗ್ಲೆಂಡಿನಲ್ಲಿ ಬೂದಿ ಬುಧವಾರದ ಹಿಂದಿನ ದಿನ ಪ್ಯಾನ್‌ಕೇಕ್ ಹೊಯ್ಯುತ್ತಾರೆ, ರಷ್ಯದಲ್ಲಿ ವಾರಪೂರ್ತಿ ಬ್ಲಿನಿ ಎಂಬ ದೋಸೆಯಂಥ ತಿಂಡಿ ಮಾಡುತ್ತಾರೆ. ಉಪವಾಸದ ಬಿಗಿ ಎಷ್ಟಿತ್ತೆಂದರೆ ಬೆಣ್ಣೆಗೆ ವಿನಾಯಿತಿ ಪಡೆಯಲು ಜನ ದುಡ್ಡು ಕೊಡುತ್ತಿದ್ದರು. ಫ್ರಾನ್ಸಿನ ರುವಾನ್ ಕೆಥೆಡ್ರಲಿನ ಒಂದು ಗೋಪುರ 15ನೆಯ ಶತಮಾನದ ಕೊನೆಯಲ್ಲಿ ಆ ದುಡ್ಡಿನಿಂದಲೇ ಎದ್ದಿತೆಂದು ಅದಕ್ಕೆ ಇಂದಿಗೂ ‘ಬೆಣ್ಣೆ ಗೋಪುರ’ ಎಂದೇ ಹೆಸರು. ಹಬ್ಬದ ಬ್ರೆಡ್ಡುಗಳೆಲ್ಲ ಏಕೆ ಅಷ್ಟೊಂದು ಜಿಡ್ಡಾಗಿ, ಹಳದಿಯಾಗಿ, ಸಿಹಿಯಾಗಿರುತ್ತವೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ರಷ್ಯದ ಎತ್ತರದ ಕುಲಿಚ್, ಗ್ರೀಸಿನ ಜಡೆ ಹೆಣೆದ ತ್ಸುರೆಕಿ, ಪೋಲೆಂಡಿನ ಬಾಬ್ಕಾ, ಪೋರ್ಚುಗಲ್ಲಿನ ಫೋಲಾರ್ ಇವೆಲ್ಲವೂ ನಿಷೇಧದ ಪಟ್ಟಿಯಲ್ಲಿದ್ದ ಪದಾರ್ಥಗಳನ್ನು ಒಂದೇ ಏಟಿಗೆ ಹಿಟ್ಟಿಗೆ ಸೇರಿಸಿ ಮಾಡಿದವು. ಇಥಿಯೋಪಿಯದ ಕ್ರೈಸ್ತರು 55 ದಿನಗಳ ಉಪವಾಸ ಬಿಡುವುದು ದೋರೊ ವಟ್ ಎಂಬ ಖಾರದ ಕೋಳಿಸಾರಿನಿಂದ. ಅದರೊಳಗೂ ಇಡಿಯಾಗಿ ಬೇಯಿಸಿದ ಮೊಟ್ಟೆಗಳಿರುತ್ತವೆ ಎಂಬುದನ್ನು ಗಮನಿಸಿ.

ಇನ್ನು ಮೊಟ್ಟೆಯ ಅರ್ಥ. ಮುಚ್ಚಿದ ಚಿಪ್ಪು ಸಮಾಧಿ, ಒಡೆದು ಬರುವ ಮರಿ ಪುನರುತ್ಥಾನ ಎಂಬ ಹೋಲಿಕೆ ಯಾರಿಗಾದರೂ ಹೊಳೆಯುವಂಥದ್ದು, ಮತ್ತು ಅದು ಹೃದಯಕ್ಕೆ ತಟ್ಟುವಂಥದ್ದು. ಪೂರ್ವದ ಚರ್ಚುಗಳಲ್ಲಿ ಮೊಟ್ಟೆಗೆ ಕೆಂಪನ್ನೇ ಹಾಕುತ್ತಾರೆ. ಅದು ಕ್ರಿಸ್ತನ ರಕ್ತದ ಗುರುತು. ಯೇಸುವಿನ ಶಿಷ್ಯೆ ಮಗ್ದಲದ ಮರಿಯಳು ರೋಮಿನ ಚಕ್ರವರ್ತಿ ತಿಬೇರಿಯಸನ ಮುಂದೆ ಮೊಟ್ಟೆ ಹಿಡಿದು ಪುನರುತ್ಥಾನದ ಸುದ್ದಿ ಹೇಳಿದಾಗ, ಆ ಮೊಟ್ಟೆ ಕೆಂಪಾದರೆ ನಂಬುತ್ತೇನೆಂದು ಅವನು ಅಂದನಂತೆ, ಅಷ್ಟರಲ್ಲೇ ಅದು ಕೆಂಪಾಯಿತಂತೆ. ಇದು ಬೈಬಲ್ಲಿನಲ್ಲಿಲ್ಲ, ಐತಿಹ್ಯ. ಐತಿಹ್ಯವೆಂದೇ ಬರೆದರೆ ಚೀಟಿಗೆ ಒಳ್ಳೆಯ ಸಾಲಾಗುತ್ತದೆ. ಹಾಗೆಂದು ಮೊಟ್ಟೆ ಸಿಂಗರಿಸುವುದನ್ನು ಕ್ರೈಸ್ತರೇ ಕಂಡುಹಿಡಿದರೆಂದು ಬರೆಯುವುದೂ ತಪ್ಪಾಗುತ್ತದೆ. ದಕ್ಷಿಣ ಆಫ್ರಿಕದ ಡೀಪ್‌ಕ್ಲೂಫ್ ಎಂಬ ಬಂಡೆಯಾಸರೆಯಲ್ಲಿ ಸುಮಾರು 60,000 ವರ್ಷ ಹಳೆಯ, ಗೆರೆ ಕೊರೆದ ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪುಗಳು ಸಿಕ್ಕಿವೆ. ಇರಾನಿನವರ ನವ್ರೋಜ್ ಹಬ್ಬದಲ್ಲೂ ಬಣ್ಣದ ಮೊಟ್ಟೆಗಳಿವೆ, ಯೆಹೂದ್ಯರ ಪಸ್ಕದ ತಟ್ಟೆಯಲ್ಲೂ ಒಂದು ಸುಟ್ಟ ಅಥವಾ ಬೇಯಿಸಿದ ಮೊಟ್ಟೆ ಇರುತ್ತದೆ. ಅಂದವಾದ ಬಿಳಿ ಮೈ ಕಂಡರೆ ಮನುಷ್ಯನಿಗೆ ಗೆರೆ ಎಳೆಯುವ ಆಸೆ ಹುಟ್ಟುತ್ತದೆ. ಅದು ಯಾವ ಒಂದು ಮತದ ಸ್ವತ್ತೂ ಅಲ್ಲ.

ಮೊಲದ ಕಥೆ ತೀರಾ ಇತ್ತೀಚಿನದು. ಈಸ್ಟರ್ ಮೊಲ ಮೊಟ್ಟೆಯಿಟ್ಟು ಹುಲ್ಲಿನಲ್ಲಿ ಅಡಗಿಸುತ್ತದೆಂದು ಮಕ್ಕಳಿಗೆ ಹೇಳುವ ಪದ್ಧತಿಯ ಹಳೆಯ ದಾಖಲೆಯೊಂದು 1682ರದ್ದು. ಗಿಯೋರ್ಗ್ ಫ್ರಾಂಕ್ ಎಂಬ ಜರ್ಮನ್ ವೈದ್ಯ, ಈಗ ಫ್ರಾನ್ಸಿಗೆ ಸೇರಿದ ಆಲ್ಸೇಸ್ ಮತ್ತು ಸುತ್ತಲಿನ ಸೀಮೆಯಲ್ಲಿ ಇದಿತ್ತೆಂದು ಬರೆದಿದ್ದಾನೆ. ಅವನ ನಿಜವಾದ ಚಿಂತೆ ಮೊಲವಲ್ಲ, ಹಬ್ಬದ ದಿನ ಮಿತಿಮೀರಿ ಮೊಟ್ಟೆ ತಿಂದವರ ಆರೋಗ್ಯ. ಜರ್ಮನ್ ವಲಸಿಗರು 18ನೆಯ ಶತಮಾನದಲ್ಲಿ ಈ ಮೊಲವನ್ನು ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಒಯ್ದರು. ಮಿಠಾಯಿ ಅಂಗಡಿಗಳು ಆಮೇಲೆ ಅದನ್ನು ಲೋಕಕ್ಕೆಲ್ಲ ಹಂಚಿದವು.

ಕುರಿಮರಿಯ ವಿಷಯ ಬೇರೆ. ನಿಮ್ಮ ಮೇಜಿನ ಮೇಲೆ ಅರ್ಥವೇ ಮೊದಲು ಬಂದ ತಿನಿಸು ಅದೊಂದೇ ಇರಬಹುದು. ವಿಮೋಚನಕಾಂಡದ 12ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರು ಕುರಿಮರಿ ಕೊಯ್ದು ಅದರ ರಕ್ತವನ್ನು ಬಾಗಿಲ ನಿಲುವಿಗೆ ಹಚ್ಚಿ, ಮಾಂಸವನ್ನು ಬೆಂಕಿಯಲ್ಲಿ ಸುಟ್ಟು, ಹುಳಿಯಿಲ್ಲದ ರೊಟ್ಟಿ ಮತ್ತು ಕಹಿಸೊಪ್ಪಿನೊಡನೆ ತಿನ್ನಬೇಕೆಂಬ ವಿಧಿಯಿದೆ. ಯೋಹಾನನ ಸುವಾರ್ತೆ ಯೇಸುವನ್ನು ದೇವರ ಕುರಿಮರಿ ಎಂದು ಕರೆಯುತ್ತದೆ, ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಕ್ರಿಸ್ತನೇ ನಮ್ಮ ಪಸ್ಕದ ಕುರಿ ಎನ್ನುತ್ತಾನೆ. ಗ್ರೀಸಿನಲ್ಲಿ ಶನಿವಾರ ನಡುರಾತ್ರಿಯ ಆರಾಧನೆ ಮುಗಿಸಿ ಬಂದವರು ಮೊದಲು ಉಣ್ಣುವುದು ಮಾಗಿರಿತ್ಸಾ ಎಂಬ ಸೂಪು. ಮರುದಿನ ಕಂಬಿಗೆ ಚುಚ್ಚಿ ಸುಡಲಿರುವ ಕುರಿಯ ಕರುಳು, ಈಲಿ, ಶ್ವಾಸಕೋಶಗಳನ್ನು ಹೆಚ್ಚಿ, ಸಬ್ಬಸಿಗೆ ಸೊಪ್ಪು ಹಾಕಿ ಬೇಯಿಸಿ, ಮೊಟ್ಟೆ ನಿಂಬೆರಸಗಳಿಂದ ಗಟ್ಟಿ ಮಾಡಿರುತ್ತಾರೆ. ಅರ್ಥ ಎಷ್ಟೇ ಎತ್ತರದ್ದಿರಲಿ, ಕೊಯ್ದ ಪ್ರಾಣಿಯ ಬೇಗ ಕೆಡುವ ಭಾಗ ಮೊದಲು ಮುಗಿಯಬೇಕೆಂಬ ಅಡುಗೆಮನೆಯ ಬುದ್ಧಿ ಅಲ್ಲೂ ಕೆಲಸ ಮಾಡಿದೆ. ಕುರಿ ಕೊಳ್ಳಲಾಗದ ಮನೆಗಳಿಗೂ ದಾರಿಗಳಿದ್ದವು. ಆಲ್ಸೇಸ್‌ನಲ್ಲಿ ಮಣ್ಣಿನ ಅಚ್ಚಿನಲ್ಲಿ ಕುರಿಮರಿಯಾಕಾರದ ಕೇಕ್ ಬೇಯಿಸುತ್ತಾರೆ, ಪೋಲೆಂಡಿನಲ್ಲಿ ಬೆಣ್ಣೆಯಲ್ಲೇ ಕುರಿಮರಿ ಮಾಡಿ ಪವಿತ್ರ ಶನಿವಾರದ ಬುಟ್ಟಿಯಲ್ಲಿ ಮೊಟ್ಟೆ, ಬ್ರೆಡ್, ಉಪ್ಪು, ಸಾಸೇಜ್, ಘಾಟಿನ ಹಾರ್ಸ್‌ರ‍್ಯಾಡಿಶ್ ಬೇರುಗಳ ಜೊತೆ ಆಶೀರ್ವಾದಕ್ಕೆ ಒಯ್ಯುತ್ತಾರೆ. ನೀವು ಮಾಂಸ ಇಡುವುದಿಲ್ಲವೆಂದಾದರೆ ಈ ಕೇಕ್ ಸಾಕು, ಅದಕ್ಕೂ ಅಷ್ಟೇ ಹಳೆಯ ಮಾತು ಬರೆಯಬಹುದು.

ಹ್ಯಾಮ್ ಬಗ್ಗೆ ನೀವು ಕೇಳಿದ ಕಥೆಗೆ ಹಳೆಯ ದಾಖಲೆ ಯಾವುದನ್ನೂ ನಾನು ಕಂಡಿಲ್ಲ, ಮತ್ತು ಅದರ ಅಗತ್ಯವೂ ಇಲ್ಲ. ಉತ್ತರ ಯೂರೋಪಿನಲ್ಲಿ ಹಂದಿ ಕೊಯ್ಯುವುದು ಶರತ್ಕಾಲದ ಕೊನೆಗೆ. ತೊಡೆಯನ್ನು ಉಪ್ಪಿಗೆ ಹಾಕಿ ಹೊಗೆಗೆ ಕಟ್ಟಿದರೆ ಅದು ಹದಕ್ಕೆ ಬರುವುದು ವಸಂತದ ಹೊತ್ತಿಗೆ. ಉಪವಾಸ ಮುಗಿದ ದಿನ ಕೈಗೆ ಸಿದ್ಧವಾಗಿದ್ದ ಮಾಂಸ ಅದು. ಇನ್ನೊಂದು ಸಮುದಾಯವನ್ನು ನೋಯಿಸುವ ಕಥೆಯನ್ನು ಆಧಾರವಿಲ್ಲದೆ ಚೀಟಿಗೆ ಏರಿಸಬೇಡಿ.

ಹಾಟ್ ಕ್ರಾಸ್ ಬನ್ನಿಗೆ ಬರೋಣ. ಮೊದಲನೆಯದಾಗಿ ಅದು ಈಸ್ಟರ್ ಭಾನುವಾರದ್ದಲ್ಲ, ಯೇಸುವನ್ನು ಶಿಲುಬೆಗೇರಿಸಿದ ದಿನವಾದ ಶುಭ ಶುಕ್ರವಾರದ್ದು. ಮೇಜಿನ ಮೇಲೆ ಅದನ್ನು ಬೇರೆಯಾಗಿಯೇ ಇಡಿ. ಸೇಂಟ್ ಆಲ್ಬನ್ಸ್ ಮಠದ ಸನ್ಯಾಸಿಯೊಬ್ಬ 1361ರಲ್ಲಿ ಶಿಲುಬೆ ಗುರುತಿನ ಬನ್ ಮಾಡಿ ಬಡವರಿಗೆ ಹಂಚಿದನೆಂಬುದು ಆ ಊರಿನವರು ಹೆಮ್ಮೆಯಿಂದ ಹೇಳುವ ಮಾತು, ಆದರೆ ಅದನ್ನು ಹೇಳುವ ಬರಹಗಳು ಆ ಕಾಲದವಲ್ಲ, ಎಷ್ಟೋ ನಂತರದವು. ಗಟ್ಟಿ ನೆಲ ಸಿಗುವುದು 1592ರಲ್ಲಿ. ಆ ವರ್ಷ ಲಂಡನ್ನಿನ ಮಾರುಕಟ್ಟೆ ಅಧಿಕಾರಿ, ಮಸಾಲೆ ಹಾಕಿದ ಬ್ರೆಡ್ಡು ಬನ್ನುಗಳನ್ನು ಶವಸಂಸ್ಕಾರ, ಈಸ್ಟರ್ ಮುಂಚಿನ ಶುಕ್ರವಾರ ಮತ್ತು ಕ್ರಿಸ್‌ಮಸ್‌ ಬಿಟ್ಟು ಬೇರೆ ದಿನ ಮಾರುವಂತಿಲ್ಲ, ಮಾರಿದರೆ ಸರಕನ್ನೆಲ್ಲ ಕಿತ್ತುಕೊಂಡು ಬಡವರಿಗೆ ಕೊಡಲಾಗುವುದು ಎಂದು ಆಜ್ಞೆ ಹೊರಡಿಸಿದ. ಆ ಆಜ್ಞೆಯಲ್ಲಿ ಮಸಾಲೆ ಇದೆ, ಶುಕ್ರವಾರ ಇದೆ, ಶಿಲುಬೆಯ ಮಾತಿಲ್ಲ. ಪೆನ್ನಿಗೆ ಒಂದೋ ಎರಡೋ ‘ಹಾಟ್ ಕ್ರಾಸ್ ಬನ್’ ಎಂದು ಕೂಗುವ ಮುದುಕಿ ಅಚ್ಚಿನಲ್ಲಿ ಕಾಣಿಸಿಕೊಳ್ಳುವುದು 1733ರ ಒಂದು ಪಂಚಾಂಗದಲ್ಲಿ. ಬ್ರೆಡ್ಡಿನ ಮೇಲೆ ಅಡ್ಡಗೆರೆ ಹಾಕುವುದಂತೂ ಬಹಳ ಹಳೆಯ ರೂಢಿ; ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಇಟಲಿಯ ಪಾಂಪೇಯಿಯಲ್ಲಿ ಸಿಕ್ಕಿದ ಕರಿಕಲಾದ ದುಂಡು ಬ್ರೆಡ್ಡುಗಳ ಮೇಲೆ ಎಂಟು ಭಾಗ ಮಾಡುವ ಗೆರೆಗಳಿವೆ. ಅವು ಮುರಿದು ಹಂಚಿಕೊಳ್ಳಲು ಅನುಕೂಲವಾಗಲೆಂದು ಹಾಕಿದವು. ಗೆರೆ ಕಂಡಲ್ಲೆಲ್ಲ ದೇವತೆಯನ್ನೋ ಚಂದ್ರನ ನಾಲ್ಕು ಘಟ್ಟಗಳನ್ನೋ ಕಾಣಬೇಕಾಗಿಲ್ಲ.

ನೀವು ಬನ್ ಮಾಡುವಾಗ ಒಂದು ಸೂಕ್ಷ್ಮ ಗಮನಿಸಿ. ಈಗಿನ ಬಿಳಿ ಶಿಲುಬೆ ಬರೀ ಮೈದಾ ಮತ್ತು ನೀರಿನ ಗಟ್ಟಿ ಹಿಟ್ಟು, ಇಡ್ಲಿ ಹಿಟ್ಟಿಗಿಂತ ತುಸು ಬಿಗಿ. ಅದರಲ್ಲಿ ಸಕ್ಕರೆ, ಹಾಲು, ಮೊಟ್ಟೆ ಏನೂ ಇಲ್ಲದ್ದರಿಂದ ಒಲೆಯಲ್ಲಿ ಬನ್ ಕೆಂಪಗಾದರೂ ಗೆರೆ ಬೆಳ್ಳಗೇ ಉಳಿಯುತ್ತದೆ. ಕೆಲವರು ಅದಕ್ಕೆ ಸಕ್ಕರೆ ಸೇರಿಸಿ, ಗೆರೆಯೂ ಕಂದುಬಣ್ಣಕ್ಕೆ ತಿರುಗಿತೆಂದು ಪೇಚಾಡುತ್ತಾರೆ. ಶುಭ ಶುಕ್ರವಾರದಂದು ಬೇಯಿಸಿದ ಬನ್ನಿಗೆ ಬೂಸಲು ಬರುವುದಿಲ್ಲವೆಂದು ಇಂಗ್ಲೆಂಡಿನ ಮನೆಗಳಲ್ಲಿ ಅಡುಗೆಮನೆಯ ಸೂರಿಗೆ ಒಂದನ್ನು ಕಟ್ಟಿ ವರ್ಷವಿಡೀ ಇಡುತ್ತಿದ್ದರು, ಹೊಟ್ಟೆನೋವಿಗೆ ತುರಿದು ನೀರಲ್ಲಿ ಕದಡಿ ಕುಡಿಸುತ್ತಿದ್ದರು. ಒಲೆಯ ಬಿಸಿಗೆ ಒಣಗಿ ಕಲ್ಲಾದ ಬನ್ನಿನಲ್ಲಿ ಬೂಸಲಿಗೆ ಬೇಕಾದ ತೇವವೇ ಇರುವುದಿಲ್ಲ ಎಂಬುದು ಅದರ ಗುಟ್ಟು. ಲಂಡನ್ನಿನ ಪೂರ್ವಭಾಗದ ಒಂದು ಪಬ್ಬಿನಲ್ಲಿ ಸಮುದ್ರಕ್ಕೆ ಹೋಗಿ ಮರಳದ ಮಗನಿಗಾಗಿ ತಾಯಿಯೊಬ್ಬಳು ಪ್ರತಿವರ್ಷ ಎತ್ತಿಟ್ಟಳೆನ್ನುವ ಬನ್ನುಗಳ ನೆನಪಿಗೆ, ನಾವಿಕನೊಬ್ಬ ವರ್ಷಕ್ಕೊಂದು ಬನ್ನನ್ನು ಚಾವಣಿಯ ಬಲೆಗೆ ಸೇರಿಸುವ ರೂಢಿ ಇದೆ. ಚೀಟಿಗೆ ನನ್ನನ್ನು ಕೇಳಿದರೆ 1361ನ್ನು ಬಿಟ್ಟು ಇದನ್ನು ಬರೆಯುತ್ತೇನೆ.

ಸಿಮ್ನೆಲ್ ಕೇಕಿನ ಹನ್ನೊಂದು ಮಾರ್ಜಿಪಾನ್ (ಬಾದಾಮಿ ಮತ್ತು ಸಕ್ಕರೆಯ ಕಣಕ) ಉಂಡೆಗಳು, ಯೇಸುವನ್ನು ಹಿಡಿದುಕೊಟ್ಟ ಯೂದನನ್ನು ಬಿಟ್ಟು ಉಳಿದ ಶಿಷ್ಯರೆಂಬುದು ಈಗ ಎಲ್ಲರೂ ಒಪ್ಪಿಕೊಂಡ ಅರ್ಥ, ಆದರೆ ಕೇಕಿನ ವಯಸ್ಸಿಗೆ ಹೋಲಿಸಿದರೆ ಉಂಡೆಗಳು ನಿನ್ನೆ ಮೊನ್ನೆಯವು. ‘ಸಿಮ್ನೆಲ್’ ಎಂಬ ಹೆಸರು ನಯವಾದ ಗೋಧಿಹಿಟ್ಟಿಗೆ ಲ್ಯಾಟಿನ್ನಿನಲ್ಲಿದ್ದ ‘ಸಿಮಿಲಾ’ ಎಂಬ ಮಾತಿನಿಂದ ಬಂದದ್ದು. ಬೇಯಿಸಬೇಕೋ ಸುಡಬೇಕೋ ಎಂದು ಜಗಳವಾಡಿ ಎರಡನ್ನೂ ಮಾಡಿದ ಸೈಮನ್ ಮತ್ತು ನೆಲ್ ಎಂಬ ಗಂಡಹೆಂಡಿರ ಕಥೆ ನಗಲಿಕ್ಕೆ ಹುಟ್ಟಿದ್ದು. ಈ ಕೇಕಿನ ಮೂಲ ದಿನವೂ ಈಸ್ಟರ್ ಅಲ್ಲ. ಉಪವಾಸಕಾಲದ ನಾಲ್ಕನೆಯ ಭಾನುವಾರ ತಾಯಿಯನ್ನು ಕಾಣಲು ಹೋಗುವವರು ಸಿಮ್ನೆಲ್ ಒಯ್ಯುತ್ತಿದ್ದುದನ್ನು 1648ರಲ್ಲಿ ಅಚ್ಚಾದ ಒಂದು ಇಂಗ್ಲಿಷ್ ಕವಿತೆ ಹೇಳುತ್ತದೆ. ಶ್ರೂಸ್‌ಬರಿಯ ಹಳೆಯ ಸಿಮ್ನೆಲ್‌ಗೆ ಕೇಸರಿ ಹಾಕಿದ ಎಷ್ಟು ಗಟ್ಟಿಯಾದ ಹೊದಿಕೆ ಇರುತ್ತಿತ್ತೆಂದರೆ, ಉಡುಗೊರೆಯಾಗಿ ಪಡೆದ ಹೆಂಗಸೊಬ್ಬಳು ಅದನ್ನು ಕಾಲು ಚಾಚುವ ಮಣೆಯೆಂದು ತಿಳಿದಳಂತೆ.

ಇತ್ತೀಚಿನ ತಿನಿಸುಗಳಿಗೆ ಹಳೆಯ ಕಥೆ ಅಂಟಿಸುವುದು ಎಲ್ಲ ಕಡೆಯ ರೂಢಿ. ಇಟಲಿಯ ಪಾರಿವಾಳದಾಕಾರದ ಕೊಲೊಂಬಾ ಕೇಕಿಗೆ ಆರನೆಯ ಶತಮಾನದ ರಾಜನ ಕಥೆ ಹೇಳುತ್ತಾರೆ. ಅದು ಮನೆಮಾತಾದದ್ದು 1930ರ ದಶಕದಲ್ಲಿ, ಕ್ರಿಸ್‌ಮಸ್‌ನ ಪನೆತ್ತೋನೆ ಎಂಬ ಸಿಹಿ ಬ್ರೆಡ್ ಮಾಡುವ ಯಂತ್ರಗಳು ವಸಂತದಲ್ಲಿ ಸುಮ್ಮನೆ ಕೂರಬಾರದೆಂದು ಮಿಲಾನಿನ ಮೊತ್ತಾ ಕಂಪನಿ ಅದನ್ನು ಮಾರುಕಟ್ಟೆಗೆ ತಂದಾಗ. ಚಾಕೊಲೇಟ್ ಮೊಟ್ಟೆ 19ನೆಯ ಶತಮಾನದ್ದು. ಬ್ರಿಟನ್ನಿನಲ್ಲಿ ಪೊಳ್ಳು ಮೊಟ್ಟೆಯನ್ನು ಬ್ರಿಸ್ಟಲ್ಲಿನ ಫ್ರೈ ಕಂಪನಿ 1873ರಲ್ಲಿ, ಕ್ಯಾಡ್ಬರಿ 1875ರಲ್ಲಿ ಮಾರತೊಡಗಿದವು.

ಈಗ ಚೀಟಿಗಳು. ನಂಬಿಕೆಯ ಅರ್ಥವನ್ನಷ್ಟೇ ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಬಂದವರಲ್ಲಿ ಒಬ್ಬರು ಇಸವಿ ಕೇಳಿದರೆ ನಿಮ್ಮ ಬಾಯಿ ಕಟ್ಟುತ್ತದೆ. ಇತಿಹಾಸವನ್ನಷ್ಟೇ ಬರೆದರೆ ತಪ್ಪಾಗುವುದಿಲ್ಲ, ಆದರೆ ಭಕ್ತಿಯಿಂದ ಮಾಡಿದವರ ಕೈಯ ತಿನಿಸನ್ನು ಕೋಳಿಗೂಡಿನ ಲೆಕ್ಕಕ್ಕೆ ಇಳಿಸಿದಂತೆ ಕಾಣಬಹುದು. ಪೋಲೆಂಡಿನ ಅಜ್ಜಿ ಹಾರ್ಸ್‌ರ‍್ಯಾಡಿಶ್ ತುರಿಯುವಾಗ ಕಣ್ಣೀರಿಟ್ಟು ಶಿಲುಬೆಯ ಕಹಿಯನ್ನು ನೆನೆಯುವುದು ಕೂಡ ಆ ತಿನಿಸಿನ ನಿಜವೇ. ನಾನು ತರಗತಿಯಲ್ಲಿ ಬಳಸುವುದು ಎರಡು ಸಾಲಿನ ಕ್ರಮ. ಮೊದಲ ಸಾಲು ‘ಹೀಗೆ ಹುಟ್ಟಿತು’, ಎರಡನೆಯದು ‘ಹೀಗೆ ಅರ್ಥ ಮಾಡಿಕೊಳ್ಳುತ್ತಾರೆ’. ಸಿಮ್ನೆಲ್ ಪಕ್ಕದಲ್ಲಿ, ‘ನಯವಾದ ಹಿಟ್ಟಿನಿಂದ ಹೆಸರು ಪಡೆದ ಇಂಗ್ಲಿಷ್ ಕೇಕ್. ಮೇಲಿನ ಹನ್ನೊಂದು ಉಂಡೆಗಳನ್ನು ಯೂದನ ಹೊರತಾದ ಶಿಷ್ಯರೆಂದು ಈಚೆಗೆ ಎಣಿಸುತ್ತಾರೆ’ ಎಂದು ಬರೆದರೆ ಯಾರೂ ಬೆರಳು ತೋರಿಸಲಾರರು. ಕೆಳಗೆ ಸಣ್ಣಕ್ಷರದಲ್ಲಿ ಬಾದಾಮಿ, ಮೊಟ್ಟೆ, ಹಾಲು, ಗೋಧಿ ಇವುಗಳಲ್ಲಿ ಯಾವುದಿದೆಯೆಂದು ತಪ್ಪದೆ ನಮೂದಿಸಿ. ಅಲರ್ಜಿಯಿದ್ದವರಿಗೆ ಇಸವಿಗಿಂತ ಅದು ಮುಖ್ಯ. ಮನೆಯಲ್ಲಿ ಮಾಡಿದ ಮಾರ್ಜಿಪಾನಿಗೆ ಹಸಿ ಮೊಟ್ಟೆಯ ಬಿಳಿ ಹಾಕುವ ರೂಢಿ ಇರುವುದನ್ನೂ ಮರೆಯಬೇಡಿ.

ಪಾಸ್ಖಾ ವಿಚಾರದಲ್ಲಿ ನಿಮ್ಮ ಅನುಮಾನ ಸರಿಯಾಗಿದೆ. ನೀರು ಬಸಿದ ತ್ವೊರೋಗ್ ಎಂಬ ಗಿಣ್ಣು, ಬೆಣ್ಣೆ, ಸಕ್ಕರೆ, ಮೊಟ್ಟೆಯ ಹಳದಿಗಳನ್ನು ಕಲಸಿ, ಗೋಪುರದಾಕಾರದ ಮರದ ಅಚ್ಚಿಗೆ ತುಂಬಿ, ಮೇಲೆ ಭಾರ ಹೇರಿ ರಾತ್ರಿಯಿಡೀ ತಂಪಿನಲ್ಲಿಟ್ಟರೆ ‘ಕ್ರಿಸ್ತ ಎದ್ದಿದ್ದಾನೆ’ ಎಂಬ ಮಾತಿನ ಮೊದಲಕ್ಷರಗಳು ಅದರ ಮೈಮೇಲೆ ಮೂಡುತ್ತವೆ. ಹಳದಿ ಹಸಿಯಾಗಿದ್ದರೆ ಸಾಲ್ಮೊನೆಲಾ ಸೋಂಕಿನ ಅಪಾಯ ಸಣ್ಣದಾದರೂ ಇದ್ದೇ ಇದೆ. ಮಕ್ಕಳು, ವೃದ್ಧರು, ಗರ್ಭಿಣಿಯರು ಬರುವ ಕಡೆ ಬೇಡ. ರಷ್ಯನ್ನರಲ್ಲೇ ಬೇಯಿಸಿ ಮಾಡುವ ಬಗೆಯೂ ಸಾಂಪ್ರದಾಯಿಕವೇ. ಹಳದಿ, ಸಕ್ಕರೆ, ಕೆನೆಯನ್ನು ಸಣ್ಣ ಉರಿಯಲ್ಲಿ ಕೈಬಿಡದೆ ಕದಡುತ್ತಾ 71 ಡಿಗ್ರಿ ಸೆಲ್ಸಿಯಸ್ ದಾಟಿಸಿ, ಆರಿಸಿ, ಆಮೇಲೆ ಗಿಣ್ಣಿಗೆ ಸೇರಿಸಿ. ಉರಿ ಜೋರಾದರೆ ಹಳದಿ ಗಂಟುಕಟ್ಟುತ್ತದೆ. ಕಟ್ಟಿದರೆ ಜರಡಿಯಲ್ಲಿ ಸೋಸಿ ಮುಂದುವರಿಯಬಹುದು. ಹಳದಿಯನ್ನು ಪೂರ್ತಿ ಬಿಟ್ಟರೂ ಪಾಸ್ಖಾ ಆಗುತ್ತದೆ, ಬಣ್ಣ ಮಾತ್ರ ಬಿಳಿಚಿಕೊಳ್ಳುತ್ತದೆ.

ಯುಕ್ರೇನಿನ ಪಿಸಾಂಕಾ, ಅಂದರೆ ಮೇಣದ ಗೆರೆ ಎಳೆದು ಬಣ್ಣಕ್ಕೆ ಅದ್ದುವ ಚಿತ್ತಾರದ ಮೊಟ್ಟೆಗಳನ್ನು ಇಡುವುದಾದರೆ ಅವನ್ನು ತಿನ್ನುವ ಸಾಲಿನಿಂದ ದೂರವಿಡಿ. ಸಂಪ್ರದಾಯದಂತೆ ಅವು ಹಸಿ ಮೊಟ್ಟೆಗಳು, ನೋಡಲಿಕ್ಕೆ ಮಾತ್ರ. ಒಳಗೆ ಅನಿಲ ತುಂಬಿ ಒಮ್ಮೊಮ್ಮೆ ಸಿಡಿಯುತ್ತವೆ, ಆ ನಾತವನ್ನು ಒಮ್ಮೆ ಮೂಸಿದವರು ಮರೆಯಲಾರರು. ತಿನ್ನಲು ಮಾಡುವ ಒಂದೇ ಬಣ್ಣದ ಬೇಯಿಸಿದ ಮೊಟ್ಟೆಗೆ ಅಲ್ಲಿ ಕ್ರಾಶಾಂಕಾ ಎಂಬ ಬೇರೆ ಹೆಸರೇ ಇದೆ. ಅಂಥ ಬೇಯಿಸಿದ ಮೊಟ್ಟೆಗಳನ್ನೂ ಕೋಣೆಯ ಬಿಸಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡದೆ, ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ. ತೋರಿಕೆಗೆ ಒಂದು ಬುಟ್ಟಿ, ತಿನ್ನಲು ಇನ್ನೊಂದು ಮಾಡಿಕೊಂಡರೆ ಈ ಗಡಿಬಿಡಿ ಇರುವುದಿಲ್ಲ.

ನಿಮ್ಮ ಅತ್ತೆಯವರ ಮನಸ್ಸು ಇಷ್ಟಾದ ಮೇಲೂ ಒಪ್ಪದಿದ್ದರೆ ಒತ್ತಾಯ ಮಾಡಬೇಡಿ. ಬಣ್ಣವಿಲ್ಲದ ಬಿಳಿ ಮೊಟ್ಟೆಯೂ ಉಪವಾಸ ಬಿಡುವ ಮೊಟ್ಟೆಯೇ. ಒಪ್ಪಿದರೆ ಪುಡಿಬಣ್ಣ ಬೇಡ, ಗ್ರೀಸಿನವರಂತೆ ಗುರುವಾರವೇ ಒಲೆ ಹಚ್ಚಿ. ಹತ್ತು ಹನ್ನೆರಡು ಈರುಳ್ಳಿಯ ಒಣ ಸಿಪ್ಪೆಯನ್ನು ಅರ್ಧ ಗಂಟೆ ಕುದಿಸಿ ಸೋಸಿ, ಆರಿದ ನೀರಿಗೆ ಎರಡು ಚಮಚ ವಿನಿಗರ್ ಹಾಕಿ, ಮೊಟ್ಟೆ ಮುಳುಗಿಸಿ, ನಿಧಾನವಾಗಿ ಬೇಯಿಸಿ. ವಿನಿಗರ್ ಚಿಪ್ಪಿನ ಸುಣ್ಣವನ್ನು ಕೊಂಚ ಕೊರೆದು ಬಣ್ಣ ಕಚ್ಚಿಕೊಳ್ಳುವಂತೆ ಮಾಡುತ್ತದೆ. ಚಿಪ್ಪಿನ ಮೈಯಿಂದ ಸಣ್ಣ ಗುಳ್ಳೆಗಳು ಏಳುವುದು ಕಣ್ಣಿಗೇ ಕಾಣುತ್ತದೆ. ಬಿಳಿ ಚಿಪ್ಪಾದರೆ ಇಟ್ಟಿಗೆಗೆಂಪು, ಕಂದು ಚಿಪ್ಪಾದರೆ ಗಾಢ ಕೆಂಗಂದು ಬರುತ್ತದೆ. ಹೊರತೆಗೆದು ಒರೆಸಿ, ಒಂದು ಹನಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಉಜ್ಜಿದರೆ ಹೊಳಪೇರುತ್ತದೆ. ಆ ಉಜ್ಜುವ ಕೆಲಸವನ್ನು ಅತ್ತೆಯವರ ಕೈಗೇ ಕೊಟ್ಟು ನೋಡಿ.